ಚಂದ್ರ ಕಾಣುವ ಮೊದಲು ಇಳಿಸಿದ ಪೆಟ್ಟಿಗೆ

ಮಾಗಳ
5 ಆಗಸ್ಟ್ 1990

ನನ್ನ ಪ್ರೀತಿಯ ಸಮತಾ,

ನೀನು ಹುಟ್ಟಿದ ಊರಿಗೆ ನಾನು ಸೊಸೆಯಾಗಿ ಬಂದೆ. ಇದಕ್ಕಿಂತ ಚೆಂದದ ತಮಾಷೆಯನ್ನು ದೇವರು ಯಾರಿಗೂ ಮಾಡಿರಲಾರ. ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಷ್ಟು ವರ್ಷ ಪಕ್ಕದ ಮಂಚದಲ್ಲಿ ಮಲಗಿ ನಾನು ಕೇಳಿದ್ದೇ ಕೇಳಿದ್ದು, ನಿಮ್ಮೂರು ಹೇಗಿದೆ ಸಮ್ಮಿ ಎಂದು. ನೀನು ‘ಹೊಳೆ ಇದೆ’ ಅಂದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಈಗ ನಿನ್ನ ಹೊಳೆಯನ್ನು ದಿನಾ ಬೆಳಿಗ್ಗೆ ನಾನು ನೋಡುತ್ತೇನೆ. ನೀನು ಹರಪನಹಳ್ಳಿಯ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಜನರ ಸಹಿ ನೋಡುತ್ತೀಯ. ಪಾಪ ನೀನು.

ಆಷಾಢವನ್ನು ತವರಿನಲ್ಲಿ ಹೇಗೋ ಕಳೆದು ಬಂದೆ. ಅಮರೇಶ್ ಹಡಗಲಿಯ ತಮ್ಮ ಬೀಜ-ಗೊಬ್ಬರದ ಅಂಗಡಿಯಿಂದ ಸಂಜೆ ಬರುವಾಗ ದಿನಾ ಮಲ್ಲಿಗೆ ತರುತ್ತಾರೆ. “ಹಡಗಲಿಯಾಗ ಬ್ಯಾರೆ ಹೆಂಗಸ್ರು ಅದಾರೋ ಇಲ್ಲೋ” ಎಂದು ಅತ್ತೆ ನಾಗಲಿಂಗಮ್ಮ ನಗುತ್ತಾರೆ. ನಮ್ಮ ಮನೆಯ ಜಗಲಿಯ ಮೇಲೆ ಫಕ್ರುಸಾಬರ ಹೊಲಿಗೆ ಮಷೀನು ಇದೆ, ನಿನಗೆ ಗೊತ್ತೇ ಇರುತ್ತದೆ. ನನ್ನ ಬ್ಲೌಸುಗಳನ್ನೆಲ್ಲ ಅವರೇ ಹೊಲಿಯುತ್ತಿದ್ದಾರೆ. ಅವರು ಅಳತೆ ಕತ್ತರಿಸುವುದು ರಷ್ಯಾದ ನುಣುಪು ಕಾಗದದ ಹಳೆಯ ಪತ್ರಿಕೆಗಳ ಮೇಲೆ. ಗಗನಯಾತ್ರಿಯೊಬ್ಬನ ಮುಖದ ಮೇಲೆ ನನ್ನ ತೋಳಿನ ಗುರುತು ಹಾಕಿದ್ದಾರೆ. ಮಾವ ಬೆನಕಪ್ಪನವರು ಅಮೆರಿಕದ ಪಕ್ಷ, ಫಕ್ರುಸಾಬರು ರಷ್ಯಾದ ಪಕ್ಷ. ಇಬ್ಬರ ನಡುವೆ ಒಂದು ರೇಡಿಯೋ.

“ಅಮೆರಿಕಾದವ್ರು ಗೋಧಿ ಕಳಸದಿದ್ರ ಬರಗಾಲದಾಗ ನೀ ಎಲ್ಲಿರ್ತಿದ್ದಿ ಫಕ್ರೂ?”

“ಇಲ್ಲೇ ಇರ್ತಿದ್ದೆ ಸಾವ್ಕಾರ್ರ, ರೊಟ್ಟಿ ತಿಂದ್ಕಂಡು. ರಷ್ಯಾದವ್ರು ಪೇಪರ್ ಕಳಸದಿದ್ರ ನಿಮ್ಮ ಅಂಗಿಗೆ ಬರೇ ಒಂದ ತೋಳು ಇರ್ತಿತ್ತು.”

ಈಗ ನಿಜವಾದ ಸುದ್ದಿ. ನಮ್ಮ ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿಗಳ ಆಚೆ, ಹಸಿರು ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆ. ಮೇಲೆ ಮೂರು ಬೆರಳಿನ ವಿಭೂತಿ. ಏನಿದು ಎಂದರೆ, “ನಮ್ಮ ಪೀರಲ ದೇವ್ರು. ವರ್ಷಾ ಪೂರ್ತಿ ಇಲ್ಲೇ ಇರ್ತಾವ” ಎಂದರು ಅತ್ತೆ, ತೊಗರಿಬೇಳೆ ಇದೆ ಎನ್ನುವ ಹಾಗೆ. ಮುತ್ತಜ್ಜನ ಕಾಲದಲ್ಲಿ ಹೊಳೆ ಬಂದು ಮಸೂತಿಯ ಗೋಡೆ ಕುಸಿದಾಗ ದೇವರುಗಳನ್ನು ಈ ಮನೆಯಲ್ಲಿ ಇಟ್ಟರಂತೆ. ಗೋಡೆ ಎದ್ದಿತು, ಪೆಟ್ಟಿಗೆ ಮಾತ್ರ ಇಲ್ಲೇ ಉಳಿಯಿತು. ಮೊಹರಮ್ಮಿನ ಚಂದ್ರ ಕಂಡ ದಿನ ಆ ದೇವರ ಸೇವೆ ಮಾಡುವ ಮುಜಾವರರಾದ ಫಕ್ರುಸಾಬರು ಮಿಂದು ಬರುತ್ತಾರೆ. ಅತ್ತೆ ಪೆಟ್ಟಿಗೆ ಇಳಿಸಿ ಕೊಡುತ್ತಾರೆ. ದೇವರ ಮುಂದೆ ಅವರಿಂದ ಫಾತಿಹಾ ಓದಿಸುವ ಮೊದಲ ಸಕ್ಕರೆ ನಮ್ಮ ಮನೆಯದು. ಕೊನೆಯ ದಿನ ಪೆಟ್ಟಿಗೆಯೊಳಗಿನ ದೇವರುಗಳು, ಆ ಬೆಳ್ಳಿಯ ಹಸ್ತಗಳು, ಊರೆಲ್ಲ ಸುತ್ತಿ, ಹೊಳೆಯಲ್ಲಿ ಮಿಂದು, ಮತ್ತೆ ನಮ್ಮ ಅಟ್ಟ ಹತ್ತುತ್ತವೆ.

ಇನ್ನೂ ಇದೆ. ಅತ್ತೆಯ ಮೊದಲ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದನ್ನು ಪೀರಲು ಬರುವ ಹಾದಿಯಲ್ಲಿ ಮಲಗಿಸಿದರಂತೆ, ದೇವರು ಹೊತ್ತವರು ಮೇಲಿಂದ ದಾಟಿ ಹೋದರಂತೆ. ಆ ಕೂಸಿನ ಹೆಸರು ಹುಸೇನಪ್ಪ. ಶಾಲೆಯಲ್ಲಿ ಅಮರೇಶ್ ಎಂದು ಬರೆಸಿದರು. ನಾನು ಈಗ ಕೋಣೆಯಲ್ಲಿ ಹುಸೇನಪ್ಪ ಎಂದೇ ಕರೆಯುವುದು, ಅವರು ನಾಚುತ್ತಾರೆ.

ಮೊನ್ನೆ ಮೊಹರಮ್ಮಿನಲ್ಲಿ ನಿಮ್ಮ ಅಪ್ಪ ಮಸೂತಿಯ ಮುಂದೆ ಬಾರಿಸುವ ಹಲಿಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ನಾನು ಸಮತಾಳ ಗೆಳತಿ ಎಂದೆ. ಎದ್ದು ನಿಂತುಬಿಟ್ಟರು. ಆಮೇಲೆ ಮನೆಗೆ ಬಂದಾಗ ಚಹಾ ಕೊಟ್ಟೆವು. ಅವರಿಗಾಗಿಯೇ ಸೂರಿನ ಸಂದಿಯಲ್ಲಿ ಒಂದು ಗ್ಲಾಸು ಇಟ್ಟಿದ್ದಾರೆ. ನನಗಂತೂ ಇನ್ನೂ ನನ್ನದೇ ಅಂತ ಒಂದು ಗ್ಲಾಸು ಈ ಮನೆಯಲ್ಲಿಲ್ಲ.

ಇರಾಕಿನವರು ಕುವೈತಿಗೆ ನುಗ್ಗಿದ್ದಾರೆಂದು ರೇಡಿಯೋ ಹೇಳುತ್ತಿದೆ. ಅದಿರಲಿ. ಫಕ್ರುಸಾಬರು ಕತ್ತರಿಸಿದ ಕಾಗದದಲ್ಲಿ, ನನ್ನ ಬೆನ್ನಿನ ಅಳತೆಯೊಳಗೆ, ಒಂದು ಪ್ರಬಂಧ ಸ್ಪರ್ಧೆಯ ಪ್ರಕಟಣೆ ಸಿಕ್ಕಿತು. ಮಾಸ್ಕೋದ ಯಾವುದೋ ಮೈತ್ರಿ ಸಂಘದ್ದು, ‘ಜನಗಳ ನಡುವಿನ ಸ್ನೇಹ’ ಎಂಬ ವಿಷಯ, ಇಂಗ್ಲಿಷಿನಲ್ಲೂ ಬರೆಯಬಹುದು. ಅಟ್ಟದ ಬಗ್ಗೆ ಬರೆಯುತ್ತೇನೆ.

ನಿನ್ನ, ಸಂತೋಷದಿಂದ ಊದಿಕೊಂಡಿರುವ
ಗಂಗಾ

*

ಹರಪನಹಳ್ಳಿ
23 ಆಗಸ್ಟ್ 1990

ಗಂಗಾಂಬಿಕಾ,

ನೀನು ಸುಖವಾಗಿದ್ದೀಯ. ಸಂತೋಷ.

ಅಟ್ಟದ ಬಗ್ಗೆ ಬರೆಯಬೇಡ. ಆ ಪೆಟ್ಟಿಗೆ ಅಲ್ಲಿ ಇಷ್ಟು ಕಾಲ ಇರುವುದು ಯಾರೂ ಅದರ ಬಗ್ಗೆ ಮಾತಾಡದ ಕಾರಣಕ್ಕೆ. ಊರಿನವರು ಅದನ್ನು ಸ್ನೇಹ ಎಂದು ಕರೆದಿಲ್ಲ, ಯಾವ ಹೆಸರಿನಿಂದಲೂ ಕರೆದಿಲ್ಲ. ಹೆಸರಿಟ್ಟ ದಿನ ಅದು ಯಾರದು ಎಂಬ ಪ್ರಶ್ನೆ ಬರುತ್ತದೆ.

ನಮ್ಮಪ್ಪನ ಗ್ಲಾಸು ಸೂರಿನಲ್ಲಿ ಯಾಕಿದೆ ಎಂದು ನಿನ್ನ ಅತ್ತೆಯನ್ನು ಕೇಳು. ನಿನಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಗೊತ್ತಾಗದೆ ಇರುವುದು ನಿಮಗೆ ರೂಢಿ.

ಸಮತಾ

*

ಮಾಗಳ
28 ಅಕ್ಟೋಬರ್ 1990

ಸಮ್ಮಿ,

ಎರಡು ತಿಂಗಳು ನಿನ್ನ ಮೇಲೆ ಮುನಿಸಿಕೊಂಡು ಕೂತಿದ್ದೆ. ನನ್ನಂಥವಳಿಗೆ ಅದೆಷ್ಟು ಕಷ್ಟ ಎಂದು ನಿನಗೇ ಗೊತ್ತು.

ಗ್ಲಾಸಿನ ಬಗ್ಗೆ ಕೇಳಿದೆ. “ಅದು ಮೊದ್ಲಿನಿಂದ ಅವನ್ದ, ಅವನ ಅಪ್ಪಂದೂ ಅಲ್ಲೇ ಇತ್ತು” ಎಂದರು ಅತ್ತೆ. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದಕ್ಕೇ ನನಗೆ ಮುಂದೆ ಏನು ಕೇಳಬೇಕೆಂದು ತಿಳಿಯಲಿಲ್ಲ. ಅಮರೇಶರನ್ನು ಕೇಳಿದೆ. “ಊರಂದ ಮ್ಯಾಲೆ ಇರ್ತಾವ, ನೀ ಎಲ್ಲಾದ್ಕೂ ಕೈ ಹಾಕಬ್ಯಾಡ” ಎಂದರು. ನೀನು ಹೇಳಿದ್ದು ಸರಿ, ನನಗೆ ಗೊತ್ತಿತ್ತು. ಗೊತ್ತಿದ್ದನ್ನು ಪಕ್ಕಕ್ಕಿಟ್ಟು ಬರೆದೆ, ಏಕೆಂದರೆ ಆ ದಿನ ಬಹಳ ಖುಷಿಯಲ್ಲಿದ್ದೆ.

ಆದರೆ ಪ್ರಬಂಧ ಆಗಲೇ ಹೋಗಿಯಾಗಿತ್ತು. ನಿನ್ನ ಪತ್ರ ಬರುವ ಹಿಂದಿನ ವಾರ ಅಂಚೆಗೆ ಹಾಕಿದ್ದೆ. ‘ನನ್ನ ಅತ್ತೆಯ ಅಟ್ಟ’ ಎಂದು ಹೆಸರು. ಎರಡು ದೊಡ್ಡ ದೇಶಗಳು ಇಡೀ ಭೂಮಿಯನ್ನು ಹಂಚಿಕೊಂಡು ಹಲ್ಲು ಕಡಿಯುತ್ತಿರುವಾಗ ತುಂಗಭದ್ರೆಯ ದಂಡೆಯಲ್ಲಿ ಒಂದು ಲಿಂಗಾಯತರ ಮನೆ ಇನ್ನೊಬ್ಬರ ದೇವರಿಗೆ ಉಪ್ಪಿನಕಾಯಿಯ ಪಕ್ಕ ಜಾಗ ಕೊಟ್ಟಿದೆ ಎಂದು ಆರಂಭಿಸಿದ್ದೇನೆ. ನಮ್ಮ ಇಂಗ್ಲಿಷ್ ಸಿಸ್ಟರ್ ಓದಿದ್ದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಮ್ಮ ಅಪ್ಪನ ಹಲಿಗೆಯ ಬಗ್ಗೆಯೂ ಇದೆ. ‘ಹಲಿಗೆಗಳು ಮೊಳಗುತ್ತವೆ’ ಎಂದು ಬರೆದಿದ್ದೇನೆ. ಯಾರು ಮೊಳಗಿಸುತ್ತಾರೆ ಎಂದು ಬರೆಯಲಿಲ್ಲ. ಜಾಗ ಸಾಲಲಿಲ್ಲ ಎಂದು ಹೇಳಿದರೆ ನೀನು ನಂಬುವುದಿಲ್ಲ ಅಲ್ಲವೇ.

ಪೇಪರಿನ ತುಂಬಾ ಅಯೋಧ್ಯೆ. ಅಂಗಡಿಗೆ ಹೊಸ ಗೆಳೆಯರು ಬರುತ್ತಾರೆ, ಅಮರೇಶ್ ರಾತ್ರಿ ಊಟದ ಹೊತ್ತಿಗೆ ಅವರ ಮಾತುಗಳನ್ನು ಮನೆಗೆ ತರುತ್ತಾರೆ. ಮಲ್ಲಿಗೆಯನ್ನೂ ತರುತ್ತಾರೆ. ನಿನ್ನೆ ನಾನು ಹುಸೇನಪ್ಪ ಎಂದು ಕರೆದೆ. ಹೊರಗಿನ ಕಡೆ ನೋಡಿ, “ಬಾಗ್ಲಾ ಹಾಕಿಲ್ಲ” ಎಂದರು.

ಇನ್ನೂ ನಿನ್ನವಳೇ ಆದ
ಗಂಗಾ

*

ಮಾಗಳ
25 ಫೆಬ್ರವರಿ 1991

ಸಮತಾ, ನನ್ನ ಸಮತಾ,

ಮೊದಲ ಬಹುಮಾನ. ದಕ್ಷಿಣ ಭಾರತಕ್ಕೆಲ್ಲ ಮೊದಲನೆಯದು. ಬಹುಮಾನದ ವಸ್ತು ಹಡಗಿನಲ್ಲಿ ಬರುತ್ತದಂತೆ. ಅಂಚೆಯ ಜೋಗಪ್ಪ ಲಕೋಟೆಯನ್ನು ತಲೆಯ ಮೇಲಿಟ್ಟುಕೊಂಡು ಬಂದ. ಮಾವ ಊರಿಗೆಲ್ಲ ಪೇಡೆ ಹಂಚಿದರು. “ರಷ್ಯಾ ಗೆಲ್ತೋ ಇಲ್ಲೋ ಹೇಳ್ರಿ ಸಾವ್ಕಾರ್ರ” ಎಂದು ಫಕ್ರುಸಾಬರು ಮಷೀನು ನಿಲ್ಲಿಸಿ ನಕ್ಕರು. ಅವರು ನಕ್ಕು ಬಹಳ ದಿನವಾಗಿತ್ತು.

ಇರಾಕಿನ ಯುದ್ಧ ಶುರುವಾದಾಗಿನಿಂದ ಜಗಲಿ ಮೊದಲಿನಂತಿಲ್ಲ. ಹಡಗಲಿಯ ಚಹಾದಂಗಡಿಯೊಂದರಲ್ಲಿ ಯಾರೋ ಸದ್ದಾಮನ ಚಿತ್ರ ಅಂಟಿಸಿದರು, ಇನ್ಯಾರೋ ಹರಿದರು, ಎರಡು ದಿನ ಅಂಗಡಿಗಳು ಮುಚ್ಚಿದ್ದವು. ಆಮೇಲೆ ನಮ್ಮ ಜಗಲಿಗೆ ಅಂಗಿ ಹೊಲಿಸಲು ಬಂದ ಗಾದೆಪ್ಪ, “ಏನಂತಾನ ನಿಮ್ಮ ಸದ್ದಾಮ?” ಎಂದು ಫಕ್ರುಸಾಬರನ್ನು ಕೇಳಿದ. ಅವರು ಸೂಜಿಗೆ ದಾರ ಪೋಣಿಸುತ್ತಲೇ, “ಮೊನ್ನಿ ತನಕ ರಷ್ಯಾದಂವ ಇದ್ದೆ. ಯಾವಾಗ ಇರಾಕಿನಂವ ಆದ್ನೋ ನನಗ ಯಾರೂ ಹೇಳ್ಲಿಲ್ಲಪ್ಪ” ಎಂದರು. ಮಾವ ಜೋರಾಗಿ ನಕ್ಕರು. ಆದರೆ ಅಂದಿನಿಂದ ಫಕ್ರುಸಾಬರು ಬಂದಾಗ ರೇಡಿಯೋ ಹಾಕುವುದಿಲ್ಲ.

ಅದಕ್ಕೇ ಈ ಬಹುಮಾನ ಎಂಥ ಹೊತ್ತಿಗೆ ಬಂತು ನೋಡು. ಪತ್ರಿಕೆಯವರು ಬಳ್ಳಾರಿಯಿಂದ ಬಂದರು, ಫೋಟೋದವನ ಜೊತೆ. ಪೆಟ್ಟಿಗೆ ಇಲ್ಲದೆ ಫೋಟೋ ಹೇಗೆ ಎಂದರು. ಅತ್ತೆ ಅಟ್ಟದ ಕೆಳಗೆ ನಿಂತು, “ಚಂದ್ರ ಕಾಣದ ಇಳಸಂಗಿಲ್ಲ” ಎಂದುಬಿಟ್ಟರು. ಫಕ್ರುಸಾಬರೂ ಹಿಂದೆ ಸರಿದರು. “ನನ ಕೈಯಾಗ ಇಲ್ಲ ತಂಗಿ. ಅವು ಈಗ ಮಲಗ್ಯಾವ.”

ನಾನು ಬಿಡಲಿಲ್ಲ. ಇಬ್ಬರ ಕೈ ಹಿಡಿದುಕೊಂಡು ಹೇಳಿದೆ, ಹೊರಗೆ ಜನ ಒಬ್ಬರನ್ನೊಬ್ಬರು ಕಡಿಯುತ್ತಿದ್ದಾರೆ, ನಮ್ಮ ಮನೆಯಲ್ಲಿ ಹೀಗಿದೆ ಎಂದು ಒಮ್ಮೆ ನೋಡಲಿ, ಅಷ್ಟೇ, ಇಳಿಸುವುದು, ಹತ್ತಿಸುವುದು. ಅತ್ತೆ ನನ್ನ ಮುಖ ನೋಡಿದರು. ಸೊಸೆ ಮೊದಲ ಸಲ ಏನನ್ನೋ ಕೇಳುತ್ತಿದ್ದಾಳೆ. “ಆತು, ನಿನ್ನ ಸಲುವಾಗಿ” ಎಂದರು. ಅತ್ತೆಯ ತೊಡೆಯ ಮೇಲೆ ಪೆಟ್ಟಿಗೆ, ಒಂದು ಕಡೆ ಫಕ್ರುಸಾಬರು, ಇನ್ನೊಂದು ಕಡೆ ಮಾವ, ಹಿಂದೆ ಅಮರೇಶ್ ಮತ್ತು ನಾನು. ನಿಮ್ಮ ಅಪ್ಪನನ್ನೂ ಹೇಳಿ ಕಳಿಸಿ ಕರೆಸಿದೆ, ಹಲಿಗೆ ಸಮೇತ. ಈ ಸಲ ಮರೆಯಲಿಲ್ಲ ನೋಡು. ಅಮರೇಶರ ಮನೆಯ ಹೆಸರಿನ ಕತೆಯನ್ನೂ ಹೇಳಿದೆ. ಪತ್ರಿಕೆಯವರಿಗೆ ಅದೇ ಎಲ್ಲಕ್ಕಿಂತ ಹಿಡಿಸಿತು.

ನಿನ್ನ ಗೆಲುವಿನ ಗೆಳತಿ
ಗಂಗಾ

*

ಹರಪನಹಳ್ಳಿ
19 ಮಾರ್ಚ್ 1991

ಗಂಗಾ,

ಫೋಟೋ ನೋಡಿದೆ. ಬ್ಯಾಂಕಿನಲ್ಲಿ ಎಲ್ಲರೂ ನೋಡಿದರು. ‘ಹುಸೇನಪ್ಪನ ಮನೆಯಲ್ಲಿ ಪೀರಲ ವಾಸ’ ಎಂದು ದಪ್ಪ ಅಕ್ಷರದಲ್ಲಿದೆ. ನಿನ್ನ ಗಂಡನನ್ನು ಕೇಳಿ ಹಾಕಿದರೇ?

ಇಲ್ಲಿ ಒಬ್ಬ ಗಿರಾಕಿ ಅದನ್ನು ಓದಿ, “ವಿಭೂತಿ ಹಚ್ಕಂಡು ಮುಸಲರ ದೇವ್ರ ಕಾಯ್ತಾರಂತ” ಎಂದು ಮಡಚಿ ಜೇಬಿನಲ್ಲಿಟ್ಟ. ಮಧ್ಯಾಹ್ನ ಇನ್ನೊಬ್ಬರು ಬಂದರು, ಗಡ್ಡ ಬಿಟ್ಟ ಸಭ್ಯ ಮನುಷ್ಯ, ಊರೂರು ತಿರುಗಿ ಧರ್ಮ ಹೇಳುವವರು. ಫೋಟೋದಲ್ಲಿ ಪೆಟ್ಟಿಗೆಯ ಮೇಲಿನ ವಿಭೂತಿಯನ್ನು ಬೆರಳಿನಿಂದ ಮುಟ್ಟಿ, ಈ ಊರು ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ಅವರೂ ಮಡಚಿ ಜೇಬಿನಲ್ಲಿಟ್ಟುಕೊಂಡರು. ಒಂದೇ ಫೋಟೋ ಗಂಗಾ, ಎರಡು ಜೇಬು.

ನಮ್ಮಪ್ಪನನ್ನು ಹುಡುಕಿದೆ. ಎಡಗಡೆಯ ಅಂಚಿನಲ್ಲಿ ಹಲಿಗೆಯ ಅರ್ಧ ಮತ್ತು ಒಂದು ಮೊಣಕೈ ಇದೆ.

ಸಮತಾ

*

ಮಾಗಳ
30 ಮೇ 1991

ಸಮತಾ,

ನನಗೆ ಮೂರು ತಿಂಗಳು ತುಂಬಿದೆ. ಇದನ್ನು ಮೊದಲು ಹೇಳಬೇಕೆಂದುಕೊಂಡೆ, ಏಕೆಂದರೆ ಉಳಿದದ್ದರಲ್ಲಿ ಒಳ್ಳೆಯದು ಏನೂ ಇಲ್ಲ.

ಅಂಗಡಿಯ ಗೋಡೆಯ ಮೇಲೆ ಇದ್ದಿಲಿನಿಂದ ‘ಹುಸೇನಪ್ಪನ ಗೊಬ್ಬರದ ಅಂಗಡಿ’ ಎಂದು ಬರೆದಿದ್ದರು. ಅಮರೇಶ್ ಸುಣ್ಣ ಬಳಿಸಿದರು, ಮತ್ತೆ ಬರೆದರು. ಚುನಾವಣೆಯ ಗದ್ದಲದಲ್ಲಿ ಅವರ ಗೆಳೆಯರೇ ಮೈಕಿನಲ್ಲಿ ಅದನ್ನು ಹೇಳಿ ನಗಿಸಿದರಂತೆ. ಮನೆಗೆ ಬಂದು ತಟ್ಟೆಯನ್ನು ದೂಡಿ, “ನಿನ್ನ ಇಂಗ್ಲೀಷು ನನ್ನ ಹೆಸರು ತಿಂತು” ಎಂದರು. ಮಲ್ಲಿಗೆ ಯಾವಾಗ ನಿಂತಿತೆಂದು ನನಗೆ ನೆನಪಿಲ್ಲ.

ಫಕ್ರುಸಾಬರ ಮಗಳು ಮಾಬುನ್ನಿಗೆ ದಾವಣಗೆರೆಯ ಸಂಬಂಧ ನಿಶ್ಚಯವಾಗಿತ್ತು. ಹುಡುಗನ ಕಡೆಯವರಿಗೆ ಆ ಫೋಟೋ ಯಾರೋ ತಲುಪಿಸಿದ್ದಾರೆ. ಇದು ನಮ್ಮ ಧರ್ಮದಲ್ಲಿಲ್ಲ, ಆ ಪೆಟ್ಟಿಗೆಯ ಸಹವಾಸ ಬಿಟ್ಟರೆ ಮಾತ್ರ ಮದುವೆ ಎಂದಿದ್ದಾರೆ. ಫಕ್ರುಸಾಬರು ಬಂದು ಜಗಲಿಯ ಕೆಳಗೇ ನಿಂತರು.

“ಪೆಟಗಿ ಕೊಟ್ಟಬಿಡ್ರವ್ವ.”

“ಮೊಹರಮ್ಮಿಗೆ ಇನ್ನಾ ದಿನ ಐತಲ್ಲ ಫಕ್ರಣ್ಣ,” ಎಂದರು ಅತ್ತೆ.

“ಮೊಹರಮ್ಮಿಗಲ್ಲವ್ವ.”

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಹೊಟ್ಟೆಯ ಕಡೆ ಕೈ ತೋರಿಸಿದರು. “ಇದನ್ನ ಹಾದ್ಯಾಗ ಮಲಗಸ್ತೀನಿ ಅಂತ ಬೇಡ್ಕೊಂಡೀನಿ. ದಾಟಲಿ. ಆಮ್ಯಾಲೆ ಏನಾರ ಮಾಡ್ಕೊ.”

“ಅಷ್ಟು ದಿನ ಅವ್ರು ಕಾಯಂಗಿಲ್ಲ.”

“ನಿನ ಮಗಳಿಗೆ ಮದಿವಿ, ನನ ಮಮ್ಮಗಗ ಜೀವ. ಯಾವ್ದು ದೊಡ್ಡದು ನೀನ ಹೇಳು.”

ಫಕ್ರುಸಾಬರು ಜಗಲಿ ಹತ್ತದೆಯೇ ತಿರುಗಿ ಹೋದರು. ಮರುದಿನ ಮಷೀನನ್ನು ಜಗಲಿಯಿಂದ ಒಯ್ದರು. ನನ್ನ ಒಂದು ಬ್ಲೌಸು ತೋಳಿಲ್ಲದೆ ಅವರ ಬಳಿಯೇ ಉಳಿದಿದೆ. ಅತ್ತೆ ನನ್ನನ್ನು ಬೈಯುವುದಿಲ್ಲ ಸಮ್ಮಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೆಟ್ಟಿಗೆ ಇರುತ್ತದೆ, ಅಲ್ಲವೇ? ಕೂಸು ದಾಟಿಸುವವರೆಗಾದರೂ?

ಗಂಗಾ

*

ಮಾಗಳ
26 ಜುಲೈ 1991

ಸಮತಾ,

ನೀನು ಮೇ ತಿಂಗಳ ಪತ್ರಕ್ಕೆ ಉತ್ತರಿಸಲಿಲ್ಲ. ಆದರೂ ಬರೆಯುತ್ತೇನೆ, ನಿಮ್ಮ ಅಪ್ಪ ಇದನ್ನು ನಿನಗೆ ತಮ್ಮ ಬಾಯಿಂದ ಹೇಳಲಾರರು.

ಹಡಗಲಿಯಲ್ಲಿ ಶಾಂತಿ ಸಭೆ ಮಾಡಿದ್ದರು. ಮೊಹರಮ್ಮಿಗೆ ಗಲಾಟೆ ಆಗಬಾರದೆಂದು ಎರಡೂ ಕಡೆಯ ಹಿರಿಯರು, ಅಧಿಕಾರಿಗಳು. ಬಹುಮಾನದ ಪ್ರಬಂಧವನ್ನು ನಾನು ಓದಬೇಕೆಂದು ಕೇಳಿದರು. ನಾನು ಒಲ್ಲೆ ಎಂದೆ. ಅಮರೇಶ್ ಅಷ್ಟು ತಿಂಗಳ ಮೇಲೆ ಮೃದುವಾಗಿ, “ಓದು, ಹೋಗೋಣ, ನಾನ ಕರ್ಕೊಂಡು ಹೋಗ್ತೀನಿ” ಎಂದರು. ಬಸುರಿ ಎಂದು ಬಾಡಿಗೆ ಕಾರು ತಂದರು. ದಾರಿಯಲ್ಲಿ ಮಲ್ಲಿಗೆ ಕೊಡಿಸಿದರು. ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಈಗ ಅಸಹ್ಯವಾಗುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಶಾಮಿಯಾನದ ಕೆಳಗೆ ನಿಂತು ಅತ್ತೆಯ ಅಟ್ಟದ ಬಗ್ಗೆ ಓದಿದೆ. ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಮುಂದಿನ ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಜೇಬಿನಲ್ಲಿ ಫೋಟೋ ಇಟ್ಟುಕೊಂಡವರೂ ಅಲ್ಲಿ ಇದ್ದಿರಬೇಕು. ಶಾಲು ಹೊದಿಸಿದರು.

ನಾನು ಹಾಗೆ ಓದುತ್ತಿರುವಾಗಲೇ ಇಲ್ಲಿ ಪೆಟ್ಟಿಗೆ ಇಳಿಯಿತು. ಅಮರೇಶ್ ಎಲ್ಲವನ್ನೂ ಮೊದಲೇ ಗೊತ್ತು ಮಾಡಿದ್ದರು, ನಾನು ಮನೆಯಲ್ಲಿಲ್ಲದ ಹೊತ್ತನ್ನು ನೋಡಿ. ನಡೆದದ್ದನ್ನು ಮಾವ ಹೇಳಿದರು, ಗೋಡೆಯನ್ನು ನೋಡುತ್ತ.

ಫಕ್ರುಸಾಬರು ಹಿತ್ತಲಿಗೆ ಬಂದರಂತೆ.

“ಹಿಂದ ಯಾಕ ನಿಂತಿ? ಮುಂದಿನ ಬಾಗ್ಲಾ ಗೊತ್ತಿಲ್ಲೇನು ನಿನಗ?” ಎಂದರಂತೆ ಅತ್ತೆ.

“ನಿಮ್ಮ ಮಗಾನ ಹೇಳ್ಯಾನವ್ವ, ಹಿಂದ ಬಾ ಅಂತ.”

“ಚಂದ್ರ ಇನ್ನಾ ಕಂಡಿಲ್ಲ.”

“ಫೋಟೋ ತಗಿಸಿದ ದಿನಾನೂ ಕಂಡಿದ್ದಿಲ್ಲವ್ವ.”

ಅತ್ತೆ ತಾವೇ ಏಣಿ ಹತ್ತಿ ಪೆಟ್ಟಿಗೆ ಇಳಿಸಿದರಂತೆ. ಸಕ್ಕರೆಯ ತಟ್ಟೆ ಮುಂದೆ ಹಿಡಿದು, ಎಲ್ಲಿಗೆ ಒಯ್ಯುತ್ತೀ ಎಂದು ಕೇಳಿದರು. ಫಕ್ರುಸಾಬರು ಹೇಳಲಿಲ್ಲ. ಫಾತಿಹಾ ಓದಲೂ ಇಲ್ಲ. ಒಂದು ಹಿಡಿ ಸಕ್ಕರೆಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ಪೆಟ್ಟಿಗೆಯನ್ನು ನಮ್ಮದೇ ಅಂಗಡಿಯ ಗೊಬ್ಬರದ ಚೀಲದೊಳಗೆ ಇಳಿಸಿ, ಹಿತ್ತಲಿನ ಜಾಲಿಯ ಸಂದಿಯಿಂದ ಹೊಳೆಯ ಕಡೆ ನಡೆದರು. ಹೊಳೆಗೆ ಬಿಟ್ಟರೆಂದು ಕೆಲವರು ಹೇಳುತ್ತಾರೆ. ಹೂಳಿದರೆಂದು ಕೆಲವರು. ಅವರ ಮನೆಗೆ ಈಗ ಬೀಗ. ಮಾಬುನ್ನಿಯ ಮದುವೆ ದಾವಣಗೆರೆಯಲ್ಲೇ ಆಯಿತಂತೆ, ನಮಗೆ ಕರೆ ಬರಲಿಲ್ಲ.

ನಿಮ್ಮ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಮಸೂತಿಯ ಮುಂದೆ ಹೊತ್ತಿಸುವ ಅಲಾಯಿಯ ಬೆಂಕಿಗೆ ಪ್ರತಿ ವರ್ಷ ಅವರೇ ಅಲ್ಲವೇ ಕುಣಿ ತೋಡುವುದು. ತೋಡಿದ್ದರು. ಚಂದ್ರ ಕಂಡ ಸಂಜೆ ಹಲಿಗೆ ಕಾಯಿಸಿಕೊಂಡು ಮಸೂತಿಯ ಮುಂದೆ ಕೂತಿದ್ದರು. ನಾನು ಹೋದೆ. ಹೇಳಬೇಕಾದವಳು ನಾನೇ ಎಂದು ಹೋದೆ. ಹೇಳಿದೆ. “ಹೌದೇನವ್ವ” ಎಂದರು. ಹಲಿಗೆಯನ್ನು ಪಕ್ಕದ ಹುಲ್ಲಿನ ಬೆಂಕಿಯಿಂದ ದೂರ ಸರಿಸಿದರು.

ಕುಣಿ ಹಾಗೇ ಇದೆ. ಬೆಂಕಿ ಆರಿದ ಮೇಲೆ ಅತ್ತೆ ಹಾಲು ಚಿಮುಕಿಸಿದರೆ ಮಾತ್ರ ಅದನ್ನು ಮುಚ್ಚುವ ಪದ್ಧತಿಯಂತೆ. ಹೊತ್ತಿಸದ ಬೆಂಕಿ ಆರುವುದು ಹೇಗೆ.

ಗಂಗಾ

*

ಹರಪನಹಳ್ಳಿ
22 ಆಗಸ್ಟ್ 1991

ಗಂಗಾ,

ಅಪ್ಪ ಇಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋದ. ಪೀರಲ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಕ್ಕದ ಮನೆಯ ಟೀವಿಯಲ್ಲಿ ಮಾಸ್ಕೋದ ಬೀದಿಗಳಲ್ಲಿ ಟ್ಯಾಂಕುಗಳು ನಿಂತಿದ್ದನ್ನು ನೋಡಿ, “ಇದು ಫಕ್ರುಸಾಬನ ರಷ್ಯಾನ?” ಎಂದು ಕೇಳಿದ. ಹೌದು ಎಂದೆ. ಬಹಳ ಹೊತ್ತು ನೋಡಿದ.

ನಾನು ಸಮಾಧಾನ ಹೇಳುವವಳಲ್ಲ, ನಿನಗೆ ಗೊತ್ತು. ನಿನ್ನ ಗಂಡನಿಗೆ ಅಂಗಡಿ ಉಳಿಯಿತು. ಫಕ್ರುಸಾಬರಿಗೆ ಮಗಳ ಮದುವೆಯಾಯಿತು. ಆ ಫೋಟೋ ಇಟ್ಟುಕೊಂಡವರಿಬ್ಬರಿಗೂ ಬೇಕಾದದ್ದು ಸಿಕ್ಕಿತು. ನಿನ್ನ ಅತ್ತೆಯ ದೇವರು ಹೋಯಿತು, ಅದನ್ನು ನಾನು ಚಿಕ್ಕದೆನ್ನುವುದಿಲ್ಲ.

ನಮ್ಮಪ್ಪನಿಗೆ ವರ್ಷದಲ್ಲಿ ಒಂದು ದಿನ ಇತ್ತು. ಆ ದಿನ ಅವನು ಹಲಿಗೆ ಬಾರಿಸುತ್ತ ದೇವರ ಮುಂದೆ ನಿಮ್ಮ ಬೀದಿಯ ನಡುವೆ ನಡೆಯುತ್ತಿದ್ದ. ನಿಮ್ಮವರು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು. ಸಣ್ಣವಳಿದ್ದಾಗ ಅದನ್ನು ನೋಡಲು ಮಾತ್ರ ನಾನು ಹಾಸ್ಟೆಲಿನಿಂದ ಊರಿಗೆ ಬರುತ್ತಿದ್ದೆ. ಉಳಿದ ದಿನಗಳ ಬಗ್ಗೆ ನಿನಗೆ ಏನು ಹೇಳಲಿ ಎಂದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಆ ದಿನ ಈಗ ಇಲ್ಲ. ಗ್ಲಾಸು ಇದೆ.

ಹೆರಿಗೆ ಸುಸೂತ್ರವಾಗಲಿ.

ಸಮತಾ

*

ಮಾಗಳ
8 ಮಾರ್ಚ್ 1992

ಸಮತಾ,

ಬಳ್ಳಾರಿಯಲ್ಲಿ ಹೆರಿಗೆಯಾಯಿತು, ಗಂಡು. ಹೋದ ವಾರ ಕೂಸಿನೊಂದಿಗೆ ಇಲ್ಲಿಗೆ ಬಂದೆ. ತೊಟ್ಟಿಲ ಹೆಸರು, ಶಾಲೆಯ ಹೆಸರು ಎಲ್ಲವೂ ಒಂದೇ ಇರಲಿ ಎಂದು ಅಮರೇಶ್ ಅಲ್ಲಿಗೇ ಬಂದು ವಿಜಯ್ ಎಂದು ಇಟ್ಟರು. ಅವರು ಕೂಸನ್ನು ಬಹಳ ಪ್ರೀತಿಯಿಂದ ಎತ್ತಿಕೊಳ್ಳುತ್ತಾರೆ. ನನ್ನೊಂದಿಗೆ ಬೇಕಾದಷ್ಟು ಮಾತಾಡುತ್ತಾರೆ.

ಬಹುಮಾನದ ಪೊಟ್ಟಣ ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಅದನ್ನು ಕೊಡುವಾಗ ಜೋಗಪ್ಪ ಮೇಲಿನ ಅಂಚೆಚೀಟಿ ತೋರಿಸಿ, “ಈ ದೇಶ ಐತೇನ್ರಿ ಈಗ?” ಎಂದು ಕೇಳಿದನಂತೆ. ಒಳಗೆ ಒಂದು ಪ್ರಶಸ್ತಿಪತ್ರ, ಒಂದರೊಳಗೊಂದು ಕೂರುವ ಮರದ ಬೊಂಬೆಗಳು. ಮಾವ ಪ್ರಶಸ್ತಿಪತ್ರವನ್ನು ಹಿಡಿದುಕೊಂಡು ಜಗಲಿಯ ಮೇಲೆ, ಮಷೀನು ಇದ್ದ ಜಾಗದ ಎದುರಿಗೆ ಕೂತಿದ್ದರು.

“ಫಕ್ರೂ ಇದ್ದಿದ್ರ ಹೇಳ್ತಿದ್ದೆ, ನಿನ್ನ ರಷ್ಯಾ ಸೋತ್ತಲೇ ಅಂತ. ಈಗ ಗೆದ್ದು ಯಾರಿಗೆ ಹೇಳ್ಲಿ?”

ಅವರ ಅಮೆರಿಕ ಗೆದ್ದಿದೆ. ಅವರು ರೇಡಿಯೋವನ್ನು ಬಟ್ಟೆ ಸುತ್ತಿ ಅಟ್ಟದ ಮೇಲೆ, ಖಾಲಿ ಜಾಗದಲ್ಲಿ ಇಟ್ಟುಬಿಟ್ಟಿದ್ದಾರೆ.

ನಿಮ್ಮ ಅಪ್ಪ ಕೂಸನ್ನು ನೋಡಲು ಬಂದರು. ಅಡುಗೆಮನೆಯ ಸ್ಟೀಲ್ ಲೋಟದಲ್ಲಿ ಚಹಾ ತಂದು ಕೊಟ್ಟೆ, ನಾನು ಕುಡಿಯುವ ಲೋಟದಲ್ಲಿ. ಅತ್ತೆ ನೋಡಿದರು. ನಿಮ್ಮ ಅಪ್ಪ ಅದನ್ನು ಮುಟ್ಟದೆ ಎದ್ದು, ಸೂರಿನ ಸಂದಿಯಿಂದ ತಮ್ಮ ಗ್ಲಾಸು ತೆಗೆದು, ಧೂಳು ಊದಿ, ಮುಂದೆ ಹಿಡಿದರು. “ಇದ್ರಾಗ ಹಾಕವ್ವ. ಇನ್ನೊಂದು ಹೊಸಾದು ಬ್ಯಾಡ.” ನಾನು ಮೇಲಿನಿಂದ ಹೊಯ್ದೆ. ಇದನ್ನು ನಿನಗೆ ಹೇಳದಿರಬಹುದಿತ್ತು. ಹೇಳದಿದ್ದರೆ ಮತ್ತೆ ಒಂದು ಚೆಂದದ ಪತ್ರವಾಗುತ್ತಿತ್ತು.

ಇವತ್ತು ಬೆಳಿಗ್ಗೆ ಅಮರೇಶ್ ಅಂಗಡಿಗೆ ಹೋದ ಮೇಲೆ ಅತ್ತೆ ಕೂಸಿಗೆ ಎಣ್ಣೆ ಹಚ್ಚಿ ಎರೆದರು. ಮಸೂತಿಯ ಮುಂದಿನ ಹಾದಿಗೆ ಒಯ್ಯಲಿಲ್ಲ. ಅಲ್ಲಿ ಕುಣಿ ಇನ್ನೂ ಬಾಯಿ ತೆರೆದೇ ಇದೆ, ಆಡುಗಳು ಮಲಗುತ್ತವೆ. ಅಟ್ಟದ ಕೆಳಗೆ ಕಂಬಳಿ ಹಾಸಿ ಕೂಸನ್ನು ಮಲಗಿಸಿದರು. ಸಕ್ಕರೆ ತಂದರು. ಓದುವವರು ಯಾರೂ ಇರಲಿಲ್ಲ. ಸೀರೆಯ ನಿರಿಗೆಯನ್ನು ಮೇಲಕ್ಕೆ ಸಿಕ್ಕಿಸಿ, ಆ ದಪ್ಪ ಕಾಲುಗಳನ್ನು ನಿಧಾನವಾಗಿ ಎತ್ತಿ, ಗೋಡೆ ಹಿಡಿದುಕೊಂಡು, ನನ್ನ ಮಗನ ಮೇಲಿಂದ ತಾವೇ ದಾಟಿದರು. ಆಮೇಲೆ ಬಾಗಿ ಅವನ ಕಿವಿಯಲ್ಲಿ ಒಂದು ಹೆಸರು ಹೇಳಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಕೇಳಿಸಿತು. ನನಗೆ ಕೇಳಿಸಿತೆಂದು ಅತ್ತೆಗೆ ಗೊತ್ತಾಯಿತು, ತಿರುಗಿ ನನ್ನ ಮುಖ ನೋಡಿದರು, ಫೋಟೋ ತೆಗೆಸಿದ ದಿನ ನೋಡಿದ ಹಾಗೆ. “ಇದನ್ನೂ ಬರೀತಿ ಏನು?” ಎಂದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ ಸಮತಾ. ನಿನಗೂ ಇಲ್ಲ. ಪತ್ರವನ್ನು ಓದಿ ಒಲೆಗೆ ಹಾಕು.

ಗಂಗಾ